ಮೊದಲು ಬಾಗುವುದು

"ಯಾರ ಗಾಡಿಗೆ?" ಅಂದ ಮೊಯ್ದು.
ನನ್ನದೇ, ಅಂದೆ. ಹೊರಗೆ ಇಣುಕಿದ.
ಗೋಣಿಕೊಪ್ಪದ ಬಿಸಿಲಲ್ಲಿ ನಿಂತಿತ್ತು
ಗೇರ್ ಲಿವರ್ ಸೊಟ್ಟಗಾದ
ಹನ್ನೊಂದು ವರ್ಷದ ನನ್ನ ಬೈಕು,
ಹಿಂದಿನ ಸೀಟಿಗೆ ಹಗ್ಗದಲ್ಲಿ ಬಿಗಿದ ಲಸಿಕೆ ಡಬ್ಬಿ.
"ಹಂದಿ ಡಾಕ್ಟ್ರಾ?"
ಡಾಕ್ಟರಲ್ಲ, ಇನ್‌ಸ್ಪೆಕ್ಟರ್.
ಅಷ್ಟು ಸಾಕಾಯಿತು, ಸ್ಟೂಲು ಹಾಕಿಸಿದ.

ಸೂರಿನಿಂದ ನೇತಾಡುತ್ತಿದ್ದವು ಗಾರ್ಡುಗಳು,
ಒಲೆಯ ಮೇಲೆ ಹೊಗೆಗೆ ಕಟ್ಟಿದ
ಹಂದಿ ಪಕ್ಕೆಲುಬಿನ ಹಾಗೆ.
ಇದನ್ನು ಮೊಯ್ದುವಿಗೆ ಹೇಳಲಿಲ್ಲ.

ಮಿರಮಿರ ಹೊಳೆಯುವ ಒಂದನ್ನು ಇಳಿಸಿ
ಬೆರಳಲ್ಲಿ ಬಾರಿಸಿದ. ಟಿಣ್ ಅಂದಿತು, ಟೊಳ್ಳು.
"ಫೋಟೋಕ್ಕೆ ಒಳ್ಳೆಯದು," ಎಂದು
ತಾನೇ ಮತ್ತೆ ಕೊಕ್ಕೆಗೆ ಸಿಕ್ಕಿಸಿದ.
ಇನ್ನೊಂದು ಕಪ್ಪು, ಎರಡು ಸುತ್ತಿನ ಪೈಪು,
ಎತ್ತಿದರೆ ಒಂದು ಮರಿಹಂದಿಯ ಭಾರ.
ಇದೇ ಇರಲಿ, ಅಂದುಬಿಟ್ಟೆ.

ಯಾಕೆಂದರೆ ಆಗಸ್ಟಿನ ಆ ತಿರುವು
ಇನ್ನೂ ನನ್ನ ಮೊಣಕಾಲಲ್ಲಿದೆ.
ಬಿರುನಾಣಿಯಿಂದ ಇಳಿಯುವಾಗ
ಸಿಲ್ವರ್ ಓಕಿನ ಎಲೆ, ಬೆಳ್ಳಿಯ ಬೆನ್ನು ಮೇಲಾಗಿ,
ರಸ್ತೆಯೆಂದೇ ನಂಬಿ ಗಾಡಿ ವಾಲಿಸಿದೆ,
ಅದು ರಸ್ತೆಯಾಗಿರಲಿಲ್ಲ.
ಕಾದ ಎಂಜಿನ್ನಿಗೂ ಮೂಳೆಗೂ ನಡುವೆ
ಒಂದು ಮಳೆಪ್ಯಾಂಟು. ಕರಗಿತು.
ಹನಿ ಬಿದ್ದು ಎಂಜಿನ್ ಚುಯ್ ಅನ್ನುತ್ತಿತ್ತು,
ಕಾವಲಿಗೆ ನೀರು ಚಿಮುಕಿಸಿದ ಹಾಗೆ.
ಮಲಗಿದಲ್ಲೇ ಕೈ ಚಾಚಿ ಡಬ್ಬಿಯ ಮುಚ್ಚಳ ತೆಗೆದೆ:
ನಲವತ್ತು ಡೋಸು, ಒಂದೂ ಒಡೆದಿರಲಿಲ್ಲ.
ಕೂಗಿದ್ದು ಆಮೇಲೆ.

ಆ ಭಾರದ್ದನ್ನು ಮೊಯ್ದು ನನ್ನ ಕೈಯಿಂದ ಇಸಿದುಕೊಂಡ.
"ಪೊನ್ನಂಪೇಟೆಯ ಬೆಳ್ಯಪ್ಪ ಇದನ್ನೇ ಹಾಕಿಸಿದ್ದು.
ಮಾಕುಟ್ಟದಲ್ಲಿ ಬಿದ್ದ. ಗಾರ್ಡಿಗೆ ಒಂದು ಗೀರು ಅಷ್ಟೇ,
ಒಳಗೆ ಫ್ರೇಮೇ ತಿರುಚಿ ಹೋಗಿತ್ತು.
ಪೆಟ್ಟು ಎಲ್ಲಾದರೂ ಹೋಗಲೇಬೇಕಲ್ಲ ಅಕ್ಕ,
ಇದು ತಿನ್ನದಿದ್ದರೆ ಒಳಗಿನದು ತಿನ್ನುತ್ತೆ.
ಗಾಡಿ ಗುಜರಿಗೆ ಹೋಯ್ತು, ಗಾರ್ಡು ವಾಪಸು ಬಂತು.
ಅದೇ ಇದು. ಅರ್ಧ ಬೆಲೆಗೆ ಕೊಡಲಾ?"
ನಾನು ಸೀರೆಯ ಸೆರಗಿಲ್ಲದೆ ಪ್ಯಾಂಟಿಗೇ ಕೈ ಒರೆಸಿಕೊಂಡೆ.

"ಆನೆ ಬಂದರೆ?" ಅಂದ, ಸ್ಪ್ಯಾನರ್ ತೊಳೆಯುತ್ತಿದ್ದ ಹುಡುಗ ರಿಜೇಶ.
"ಆನೆಗೆ ಬೇಕಾದ್ದು ರಿವರ್ಸ್ ಗೇರು ಮೋನೇ,
ಅದು ನಮ್ಮ ಅಂಗಡಿಯಲ್ಲಿಲ್ಲ."
ತಿತಿಮತಿಯ ಸಂಜೆಗಳು ನೆನಪಾದವು:
ಎಂಜಿನ್ ಆಫ್ ಮಾಡಿ, ಲೈಟು ಆರಿಸಿ,
ಬಿದಿರು ಮುರಿಯುವ ಸದ್ದು ದೂರವಾಗಲೆಂದು
ಉಸಿರು ಎಣಿಸಿದ್ದು.

ಕೊನೆಗೆ ಮೂಲೆಯಿಂದ ಹೊರಬಂದದ್ದು ಸಾದಾ,
ಒಂದೇ ಪೈಪು, ತುದಿಗಳಿಗೆ ನೈಲಾನಿನ ಗುಂಡು.
ಎಂಜಿನ್ನಿಗೆ ಅವುಚಿ ಕೂರುತ್ತದೆ,
ಎಷ್ಟು ವಾಲಿದರೂ ತಿರುವಿನಲ್ಲಿ ನೆಲಕ್ಕೆ ಉಜ್ಜದು.
ಮೊದಲು ಗುಂಡು ಸವೆಯುತ್ತೆ, ಆಮೇಲೆ ಪೈಪು ಬಾಗುತ್ತೆ,
ಬೋಲ್ಟು ಕಡೆಗೆ.
"ಅಷ್ಟರೊಳಗೆ ನೀವು ಕಾಲು ತೆಗೆದಿರಬೇಕು."

ಅಷ್ಟರೊಳಗೆ.

ಹಂದಿ ಕೊಸರಿದಾಗ ಕೈ ಅದರ ಜೊತೆಗೇ ಹೋಗಬೇಕು,
ಎದುರು ನಿಂತ ಕೈಯಲ್ಲೇ ಸೂಜಿ ಮುರಿಯುವುದು.
ಇಪ್ಪತ್ತು ವರ್ಷ ಮಾಡಿದವಳು ನಾನು.
ಕಬ್ಬಿಣಕ್ಕೂ ಅದೇ ಲೆಕ್ಕವೆಂದು
ಗೊತ್ತಿರಲಿಲ್ಲ ನೋಡಿ.

ಎರಡು ಸಾವಿರದ ಇನ್ನೂರು ಅಂದ, ನೂರು ಬಿಟ್ಟ.
ರಿಜೇಶ ಅಂಗಾತ ಮಲಗಿ
ಬಾಯಲ್ಲಿ ವಾಷರ್ ಕಚ್ಚಿಕೊಂಡು ತಿರುಗಿಸುತ್ತಿದ್ದ.

ಹಾತೂರು ದಾಟುವಾಗ ಮೊಣಕಾಲು ಒಮ್ಮೆ ಪೈಪಿಗೆ ತಗುಲಿತು.
ತಣ್ಣಗಿತ್ತು.
ಬೆಲೆಯ ಚೀಟಿ ಇನ್ನೂ ಅಲ್ಲೇ ಪಟಪಟ ಅನ್ನುತ್ತಿತ್ತು,
ಕೀಳಲು ನಿಲ್ಲಲಿಲ್ಲ.
ಡಬ್ಬಿಯ ಐಸು ಕರಗುತ್ತಿತ್ತು,
ಮುಂದಿನ ತೋಟದಲ್ಲಿ ಒಂಬತ್ತು ಹಂದಿ ಬಾಕಿ.