ಹಲ್ಲಿ ಡಬ್ಬಿ

ದುರ್ಗದಬೈಲಿನ ಹಿಂದೆ, ಕುರ್ಡೇಕರರ ಅಂಗಡಿಯಲ್ಲಿ
ಸೋಮವಾರ ಸಂಜೆ ಕುಲುಮೆ ಹಚ್ಚುತ್ತಾರೆ.
ಅದಕ್ಕೂ ಮೊದಲು ನಾನಲ್ಲಿ ಇರಬೇಕು.
ಮುರುಕು ಕಾಲುಂಗುರ, ಜಜ್ಜಿದ ಭರಣಿ, ತೊಟ್ಟಿಲ ಸರಪಳಿ
ಎಲ್ಲ ಒಂದೇ ಗೋಣಿತಟ್ಟಿನ ಮೇಲೆ.
ಪಕ್ಕದಲ್ಲಿ ಮೂಸೆ ಬಾಯ್ತೆರೆದು ಕೂತಿರುತ್ತದೆ.
"ಆರಿಸ್ಕೋರಿ ದಾವಲಸಾಬ್, ಹತ್ತು ನಿಮಿಷ."

ಮೂವತ್ತಾರು ವರ್ಷ ರೇಲ್ವೆ ಕಾರ್ಖಾನೆಯಲ್ಲಿ ಫಿಟ್ಟರು ನಾನು.
ಕೂದಲೆಳೆ ಹೆಚ್ಚುಕಮ್ಮಿಯಾದರೂ ಬೆರಳಿಗೆ ತಿಳಿಯುತ್ತಿತ್ತು.
ಈಗ ಆ ಬೆರಳಿಗೆ ಬೇರೆ ಕೆಲಸ.
ಜರ್ಮನ್ ಬೆಳ್ಳಿಯಲ್ಲಿ ಜರ್ಮನಿಯೂ ಇಲ್ಲ, ಬೆಳ್ಳಿಯೂ ಇಲ್ಲ;
ಉಗುರಿನಿಂದ ಮೀಟಿದರೆ ಬೇಗ ಸುಮ್ಮನಾಗುತ್ತದೆ.
ಒಳ್ಳೆ ಬೆಳ್ಳಿ ಸ್ವಲ್ಪ ಹೊತ್ತು ಮಾತಾಡುತ್ತದೆ.
ಒರೆಗಲ್ಲು ಎಷ್ಟು ಬೆಳ್ಳಿ ಅಂತ ಹೇಳೀತು,
ಯಾರ ಬೆಳ್ಳಿ ಅಂತ ಹೇಳುವುದಿಲ್ಲ.
ಅದಕ್ಕೆ ಮಗುಚಬೇಕು, ತಳ ನೋಡಬೇಕು.
ನಡೆಯುವ ಸಿಂಹ ಇದ್ದರೆ ವಿಲಾಯಿತಿ.
ಆ ಸಿಂಹ ನಾಯಿಯಂತೆ ಕಂಡರೆ
ಸಿಂಹ ಕಾಣದವನು ಬೇರೆಲ್ಲೋ ಕೂತು ಹೊಡೆದ ಮುದ್ರೆ.

ಆ ಸೋಮವಾರ ಅದು ತಟ್ಟಿನ ಮೇಲಿರಲಿಲ್ಲ,
ಇನ್ನೂ ಆಕೆಯ ಸೆರಗಿನಲ್ಲೇ ಇತ್ತು.
ಕುಂದಗೋಳದ ನೀಲಗಂಗವ್ವ.
"ಹಲ್ಲಿ ಡಬ್ಬಿರಿ ಇದು. ಇದರಾಗ ಈಬತ್ತಿ ಇಡತಿದ್ವಿ.
ಮೊಮ್ಮಗಳಿಗೆ ಕಾಲ್ಚೈನ ಮಾಡಸಬೇಕು, ಝಣ್ ಅನ್ನೂ ಹಂಗ."
ಸುತ್ತ ಕೊರೆದದ್ದಕ್ಕೆ ಜೋಳದ ದಂಟು ಅಂದಳು.
ಗಣ್ಣು, ಗಣ್ಣಿಗೊಂದು ಎಲೆ. ನನಗೆ ಕಂಡದ್ದು ಬಿದಿರು.
ಮುಚ್ಚಳದ ಮೇಲಿನ ಹಲ್ಲಿಗೆ ಮೀಸೆಯಿತ್ತು,
ಮೈತುಂಬ ಹುರುಪೆ, ಮೋಡದಲ್ಲಿ ಸಿಕ್ಕಿಕೊಂಡ ಪಂಜ.
ನಾಲ್ಕು ತಲೆಮಾರಿನ ಹೆಬ್ಬೆರಳು ತಿಕ್ಕಿ ಕೋಡು ಮೊಂಡಾಗಿತ್ತು.

ತಳದಲ್ಲಿ ಎರಡು ಇಂಗ್ಲಿಷ್ ಅಕ್ಷರ, ತೊಂಬತ್ತು ಎಂಬ ಅಂಕಿ,
ಪುಟ್ಟ ಚೌಕದೊಳಗೆ ಒಂದು ಮನೆಯಂಥದು,
ಅದರೊಳಗೆ ಮನುಷ್ಯ ನಿಂತಂಥದು. ಚೀನೀ ಅಕ್ಷರ.
ಓದಲು ಬರುವುದಿಲ್ಲ ನನಗೆ. ಗುರುತಿದೆ ಅಷ್ಟೆ,
ಶಿಫ್ಟಿನ ಗೇಟಿನಲ್ಲಿ ದಿನಾ ಕಂಡವನ
ಹೆಸರು ಗೊತ್ತಿಲ್ಲದೆ ಮುಖ ಗೊತ್ತಿರುವಂತೆ.
ಅಂಕಿ ಬೆಳ್ಳಿಯ ಪಾಲು. ಇಂಗ್ಲಿಷು ಮಾರಿದವನದು.
ಮನೆಯಂಥದು ಬಡಿದವನದು.
ನನ್ನದೂ ಒಂದಿತ್ತು, ಹಿತ್ತಾಳೆ ಬಿಲ್ಲೆ, ನಾನೂರ ಹದಿನೇಳು.
ನಿವೃತ್ತಿಯ ದಿನ ಕಿಟಕಿಯಲ್ಲಿ ಎಣಿಸಿ ವಾಪಸು ತಗೊಂಡರು.

ಆ ಮೂರರ ಮೇಲೆ ಅಡ್ಡಲಾಗಿ, ಚುಕ್ಕಿ ಚುಕ್ಕಿಯಲ್ಲಿ:
ನೀ. ಗಂ. ಕುಂದಗೋಳ.
"ಪರಾತಕ್ಕ ಹೆಸರು ಹಾಕಸೂಮುಂದ ಇದಕ್ಕೂ ಹಾಕಿಸಿದೆರಿ."
ಎಲ್ಲಿಂದ ಬಂತವ್ವಾ ಅಂದೆ.
"ನಮ್ಮ ಮುತ್ಯಾನ ಅಪ್ಪ ಕುಮಟಾ ಬಂದರಕ್ಕ ಬಂಡಿ ಹೊಡೀತಿದ್ನಂತ.
ಹೋಗೂಮುಂದ ಹತ್ತಿ, ಬರೂಮುಂದ ಉಪ್ಪು,
ಒಂದ್ಸಲ ಹಲ್ಲಿ."

ಕುರ್ಡೇಕರ ತೂಗಿದರು. ಇನ್ನೂರ ಹನ್ನೆರಡು ಗ್ರಾಂ.
ಇದರ ಹತ್ತು ಪಟ್ಟು ಕೊಡುವವರು ಮುಂಬಯಿಯಲ್ಲಿದ್ದಾರೆ.
ಈ ಕಸುಬಿನಲ್ಲಿ ನಾನು ಕಲಿತ ಮೊದಲ ಪಾಠ ಗುರುತು ಓದುವುದಲ್ಲ,
ಓದಿದ್ದು ಮುಖದಲ್ಲಿ ಕಾಣದಂತೆ ನಿಲ್ಲುವುದು.
"ಹಳೇದು" ಅಂದೆ. "ಬೆಸುಗಿ ಬಿಟ್ಟೈತಿ. ತೂಕಕ್ಕ ನಾನಽ ತಗೋತೀನಿ."
ಬಿಟ್ಟಿರಲಿಲ್ಲ.
ಅವಳು ಮುಚ್ಚಳ ನೋಡಿ ನಕ್ಕಳು:
"ಲೊಚ್ ಅನಲಿಲ್ಲ ನೋಡ್ರಿ. ಖರೇ ಮಾತಿಗೆ ಹಲ್ಲಿ ಲೊಚ್ ಅಂತೈತಿ."
ಚೇಷ್ಟೆಗೆ ಅಂದದ್ದು. ಆಮೇಲೆ ಕಾಲ್ಚೈನು ಆರಿಸತೊಡಗಿದಳು,
ಒಂದೊಂದನ್ನೂ ಕಿವಿಯ ಹತ್ತಿರ ಅಲುಗಿಸಿ.

ಕುಲುಮೆಯಿಂದ ಉಳಿಸಿದೆ, ಅಷ್ಟು ನಿಜ.
ನಾನಿಲ್ಲದಿದ್ದರೆ ಏಳು ಗಂಟೆಗೆ
ಬಿದಿರು, ಮೋಡ, ಮೀಸೆ ಎಲ್ಲ ಒಂದು ಗಟ್ಟಿ.

ಈಗ ಕೇಶ್ವಾಪುರದ ಮನೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ
ಮೆತ್ತನೆ ಬಟ್ಟೆಯಿಂದ ಒರೆಸುತ್ತೇನೆ.
ಹುಣಸೆಹಣ್ಣು ಹಚ್ಚುವುದಿಲ್ಲ,
ಸಂದಿಯ ಕಪ್ಪು ಅದರ ವಯಸ್ಸು.
ಮುಚ್ಚಳದ ಅಂಚಿನಲ್ಲಿ ಇನ್ನೂ ವಿಭೂತಿಯಿದೆ, ಅದನ್ನೂ ತೆಗೆದಿಲ್ಲ.
ಚುಕ್ಕಿಯ ಹೆಸರು ಉಜ್ಜಿಸಿಬಿಡಿ, ಬೆಲೆ ಏರುತ್ತದೆ
ಎಂದು ಮುಂಬಯಿಯಿಂದ ಫೋನು ಬಂದಿತ್ತು.

ಒಮ್ಮೊಮ್ಮೆ ಜೋರಾಗಿ ಅಂದು ನೋಡುತ್ತೇನೆ:
"ತೂಕಕ್ಕ ಸರಿಯಾಗಿ ಕೊಟ್ಟೀನಿ."
ಟ್ಯೂಬ್‌ಲೈಟಿನ ಹಿಂದೆ ನಮ್ಮ ಮನೆಯದೇ ಒಂದಿದೆ,
ಮೀಸೆಯಿಲ್ಲದ್ದು, ಹೊತ್ತಲ್ಲದ ಹೊತ್ತಲ್ಲಿ ಲೊಚಗುಡುವಂಥದು.
ಹುಳ ನುಂಗುತ್ತದೆ. ಕುತ್ತಿಗೆ ಕುಣಿಸುತ್ತದೆ.

ಕುಂದಗೋಳಕ್ಕೆ ಎಂಟೂವರೆಗೆ ಒಂದು ಬಸ್ಸಿದೆ.
ಈಗ ಎಂಟು ಹತ್ತು.