ಒಳ್ಳೆಯ ಸುದ್ದಿ ತಿಂದವರು

ಕಲಾಮಂದಿರದ ಐದನೇ ಸಾಲಲ್ಲಿ ನಾವು ನಾಲ್ವರು,
ಒಂದು ಕಾಲಕ್ಕೆ ಭಾನುವಾರದ ಸಭೆ, ಈಗ ಬರೀ ಟಿಕೆಟಿನವರು.
ಎಫ್ರಾಯಿಮಣ್ಣ ಜೇಬು ತುಂಬ ಕಡಲೆಬೀಜ ತಂದಿದ್ದಾನೆ.
ಸುಗಂಧಿ, ಬರಲ್ಲ ಬರಲ್ಲ ಎನ್ನುತ್ತಲೇ
ಎಲ್ಲರಿಗಿಂತ ಮೊದಲು ಬಂದು ಕೂತಿದ್ದಾಳೆ.
ದೇವಪ್ರಿಯ ಬಾಗಿಲ ಹತ್ತಿರದ ಕುರ್ಚಿ ಕೇಳಿ ಪಡೆದಿದ್ದಾನೆ.

ಪರದೆ ಸರಿದರೆ ಇಬ್ಬರು ಹುಡುಗರು, ಒಂದು ಸೈಕಲ್ಲು,
ಬಿಳಿ ಅಂಗಿ, ಕಪ್ಪು ಟೈ, ಎದೆಯ ಮೇಲೆ ಹೆಸರಿನ ಬಿಲ್ಲೆ.
ಮೀಸೆ ನೆಟ್ಟಗೆ ಮೂಡದವನಿಗೆ 'ಹಿರಿಯ' ಎಂಬ ಪದವಿ.
ಜನ ಅಲ್ಲಿಂದಲೇ ನಗಲು ಶುರುಮಾಡಿದರು.
ನಾನೂ ನಕ್ಕೆ. ನಗುವಂಥದ್ದೇ.

ಚಿಕ್ಕಮಗಳೂರಿಗೆ ಬಂದು ಕಾಫಿ ಬಿಡಿ ಅಂದ ಮಾರ್ಮನ್ನರು!
ಮೀನಿಗೆ ನೀರು ಬಿಡು ಅಂದ ಹಾಗೆ.
ಈ ಮಾತಿಗೆ ಹಿಂದಿನ ಸಾಲುಗಳಿಂದ ಶಿಳ್ಳೆ.
ನಾನು ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜ ಆರಿಸುತ್ತಿದ್ದವಳು.
ಹನ್ನೊಂದು ವರ್ಷ, ದಿನಕ್ಕೆ ಎಂಟು ಗಂಟೆ,
ಕಪ್ಪು, ಒಡಕು, ಹುಳುಕು ಬೇರೆ ಮಾಡಿ,
ಸೆರಗಿನ ತುಂಬ ಹೊಟ್ಟಿನ ಧೂಳು ಹೊತ್ತು
ಮನೆಗೆ ಬಂದು ಬಿಸಿನೀರಿಗೆ ಬೆಲ್ಲ ಹಾಕಿ ಕುಡಿದೆ.
"ಏನೇ ಕರುಣಾ, ನಿನ್ನ ದೇವರಿಗೆ ಡಿಕಾಕ್ಷನ್ ಕಂಡರೆ ಆಗಲ್ವಾ?"
ಆಗಲ್ಲ ಅಂದೆ. ಹೆಮ್ಮೆಯಿಂದ ಅಂದೆ.
ಆ ಹೆಮ್ಮೆ ಎಲ್ಲಿ ಹೋಯಿತೆಂದು ಈಗ ಯಾರನ್ನು ಕೇಳಲಿ?

ಆಮೇಲೆ ಆ ಮಾತು ಬಂತು.
ಬಿಳಿ ಪೌಡರು ಮೆತ್ತಿದ ಹುಡುಗ ಇಲ್ಲದ ಬಾಗಿಲು ತಟ್ಟಿ
"ಅಮ್ಮಾ, ನಿಮಗೆ ಒಳ್ಳೆಯ ಸುದ್ದಿ ತಿಂದಿದ್ದೇವೆ" ಅಂದ.
ಮಂದಿರವೇ ಬಿದ್ದು ಬಿದ್ದು ನಕ್ಕಿತು.
ಎಫ್ರಾಯಿಮಣ್ಣನ ಕಡಲೆಬೀಜ ನೆಲಕ್ಕೆ ಚೆಲ್ಲಿತು.
ಸುಗಂಧಿ ಸೆರಗು ಬಾಯಿಗೆ ತುರುಕಿಕೊಂಡಳು,
ನಗುವಿಗೋ ಅಳುವಿಗೋ, ಅವಳ ಹತ್ತಿರ ಇದ್ದದ್ದು ಅದೊಂದೇ ಸೆರಗು.
ದೇವಪ್ರಿಯನ ಕುರ್ಚಿ ಖಾಲಿ.

ಅವನು ಬಿಳಿಯನಲ್ಲ. ರಾಜಮಂಡ್ರಿಯವನು, ನನಗಿಂತ ಕಪ್ಪು.
ಹೆಸರು ವಿಜಯರತ್ನಂ. ಕನ್ನಡ ಕಲಿತು ಮೂರೇ ತಿಂಗಳು.
ಉಪ್ಪಳ್ಳಿಯ ನಮ್ಮ ಹೊಸ್ತಿಲಲ್ಲಿ ನಿಂತು ಹಾಗಂದಾಗ
ಹಾಸಿಗೆ ಹಿಡಿದಿದ್ದ ಅವ್ವ ಒಳಗಿಂದ ಕೂಗಿದಳು:
"ತಿಂದ ಮೇಲೆ ನಮಗೇನು ಉಳೀತು? ಇರಲಿ, ಒಳಗೆ ಬಾ ಮಗಾ."
ಎರಡು ತಿಂಗಳಿಂದ ನಕ್ಕಿರದ ಅವ್ವ.
ಅವನು ಟೈಯನ್ನು ಹೆಗಲ ಹಿಂದಕ್ಕೆ ಎಸೆದು
ಬೀದಿ ನಲ್ಲಿಯಿಂದ ಹದಿನಾಲ್ಕು ಕೊಡ ನೀರು ಹೊತ್ತ.
ಅದು ನಾಟಕದಲ್ಲಿ ಇರಲಿಲ್ಲ.
ಯಾಕೆಂದರೆ ನಾನು ಹೇಳಿರಲಿಲ್ಲ.

ಹೌದು, ಹೇಳಿಕೊಟ್ಟವಳು ನಾನೇ.
ಚಂದ್ರಮೌಳಿ ಮೇಷ್ಟ್ರಿಗೆ, ಐ.ಜಿ. ರಸ್ತೆಯ ಹೋಟೆಲಲ್ಲಿ,
ಅವರು ಕೊಡಿಸಿದ ಎರಡನೇ ಲೋಟ ಕಾಫಿ ಹೀರುತ್ತಾ
ನಗೆ ಬರುವುದನ್ನಷ್ಟೇ ಆರಿಸಿ ಆರಿಸಿ ಕೊಟ್ಟೆ.
ಆರಿಸುವುದು ನನಗೆ ಬರುವ ಕೆಲಸ.
ನೀರಿನ ಕೊಡಗಳು ಹುಳುಕಿನ ರಾಶಿಗೆ ಹೋದವು.

ಬಿಟ್ಟದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಬರೆದುಕೊಳ್ಳಿ.
ಹತ್ತರಲ್ಲೊಂದು ಪಾಲು ಕಟ್ಟಲಾಗದ ತಿಂಗಳು
ಎಫ್ರಾಯಿಮಣ್ಣ ಕಡೇ ಬೆಂಚಿನಲ್ಲಿ ಕುಗ್ಗಿ ಕೂತದ್ದು ಮರೆತಿಲ್ಲ.
ಅದೂ ನಾಟಕದಲ್ಲಿ ಇರಲಿಲ್ಲ.
ಅದಕ್ಕೆ ಯಾರೂ ನಗುತ್ತಿರಲಿಲ್ಲ.

ಮುಗಿದ ಮೇಲೆ ಹೊರಗೆ, ಸ್ಕೂಟರುಗಳ ಸಂದಿಯಲ್ಲಿ,
ಆ ಹುಡುಗ ಕತ್ತಿನ ಪೌಡರು ಒರೆಸುತ್ತಾ ಸಿಕ್ಕಿದ.
"ಮೇಡಂ, ಸರಿಯಾಗಿ ಮಾಡಿದೆನಾ?"
ಚೆನ್ನಾಗಿತ್ತು ಮಗಾ. ಒಂದೇ ತಪ್ಪು.
ಪ್ರಾರ್ಥನೆಗೆ ನೀನು ಕೈ ಮುಗಿದೆ. ಮುಗಿಯಲ್ಲ.
ನೋಡು, ಹೀಗೆ, ಒಂದನೇ ಕ್ಲಾಸಿನ ಮಕ್ಕಳ ಹಾಗೆ
ಎದೆಯ ಮೇಲೆ ಕೈ ಕಟ್ಟುತ್ತೇವೆ.

ಕಟ್ಟುತ್ತಾರೆ, ಅಂದಳು ಹಿಂದಿನಿಂದ ಸುಗಂಧಿ.

ಹ್ಞಾಂ, ಕಟ್ಟುತ್ತಾರೆ, ಅಂದೆ.
ಕಟ್ಟಿದ ಕೈ ಬಿಡಿಸಲು ಸ್ವಲ್ಪ ಹೊತ್ತು ಹಿಡಿಯಿತು.