ಮುದುಕನ ಅಂಗಿ

ಡಿಸೆಂಬರ ಇಪ್ಪತ್ತೊಂಬತ್ತಕ್ಕ ಕ್ಯಾಂಪಿನ ಹುಡುಗರು
ನನ್ನ ಇಸ್ತ್ರಿ ಗಾಡಾದ ಮುಂದ ಬಂದು ನಿಂತರು.
"ಮೌಶೀ, ಒಂದು ಹಳೇ ಅಂಗಿ ಕೊಡ್ರಿ,
ಓಲ್ಡ್ ಮ್ಯಾನಗ ಪ್ಯಾಂಟ್ ಐತಿ, ಅಂಗಿ ಇಲ್ಲ."
ಗ್ವಾಡಿಗೆ ಆನಿಸಿ ಕುಂದ್ರಿಸಿದ್ದರು ಅವನ್ನ:
ಹುಲ್ಲಿನ ಕಾಲು, ಗೋಣಿಚೀಲದ ತಲಿ,
ಇದ್ದಲಿ ತಿಕ್ಕಿದ ಮೀಸಿ.
ಆ ಇದ್ದಲಿ ನನ್ನ ಗಾಡಾದ್ದಽ,
ಯಾವಾಗ ಒಯ್ದಿದ್ದರೋ ಕಳ್ಳರು.
ನಾಡದು ರಾತ್ರಿ ಸುಡೂ ಮುದುಕ
ಈ ಥಂಡ್ಯಾಗ ಬರೀ ಎದಿಲೆ ಕುಂತಿದ್ದ.

ಮಂದಿ ಅಂಗಿ ಕೊಡಾಕ ಬರೂದಿಲ್ಲ.
ಮೂರು ವರ್ಷದಿಂದ ಯಾರೂ ಒಯ್ಯದ ಸಫಾರಿ ಒಂದೈತಿ,
ಮಾಲಕ ಬಂದರ ಬರಬಹುದು ಅಂತ
ಯುಗಾದಿಗೊಮ್ಮೆ ಮಡಿಕಿ ಬದಲಿಸಿ ಇಡತೇನಿ.
ಮನೀಗೆ ಹೋಗಿ ನಮ್ಮವರ ಅಂಗಿ ತಂದೆ,
ಉದ್ಯಮಬಾಗದ ಫೌಂಡ್ರಿ ಅಂಗಿ,
ಒಂದು ಕಾಲಕ್ಕ ನೀಲಿ.

ಕಿಸೆ ನೋಡೂದು ನನ್ನ ಚಟ.
ಇಪ್ಪತ್ತೆರಡು ವರ್ಷದ ಚಟ.
ಡಾಕ್ಟರ ಕಿಸೆಯೊಳಗ ಪೆಪ್ಪರಮಿಂಟು,
ಹೆಡ್‌ಮಾಸ್ತರ ಕಿಸೆಯೊಳಗ
ಯಾವನೋ ಹುಡುಗ ಗೀಚಿದ ಅವರದಽ ಚಿತ್ರ,
ಹರದಿಲ್ಲ, ನಾಕು ಮಡಿಕಿ ಹಾಕಿ ಇಟಗೊಂಡಾರ.
ನಮ್ಮವರ ಕಿಸೆಯೊಳಗ ಕ್ಯಾಂಟೀನಿನ ಟೋಕನ್,
ಶೇಂಗಾ ಸಿಪ್ಪಿ,
ಮತ್ತ ನನ್ನ ತಲಿಯ ಒಂದು ಪಿನ್.
ಅದು ಅಲ್ಲಿಗೆ ಹೆಂಗ ಹೋತು ಅಂತ
ಈ ವಯಸ್ಸಿನ್ಯಾಗ ಯಾರನ್ನ ಕೇಳಲಿ.

ಬೆಳಕಿಗೆ ಹಿಡದೆ. ಅಂಗಿ ತುಂಬ ತೂತು.
ಎಳ್ಳಿನಷ್ಟು, ಸಾಸಿವಿಯಷ್ಟು, ಒಂದು ಕಡ್ಲಿಯಷ್ಟು,
ಕಬ್ಬಿಣ ಸುರಿಯೂ ಮುಂದ ಹಾರಿದ ಕಿಡಿ.
ಎದಿಮ್ಯಾಲ ಹದಿನೇಳು ಎಣಿಸಿದೆ,
ತೋಳಿಗೆ ಬರೂದರಾಗ ಎಣಿಕಿ ತಪ್ಪಿತು.
ಈ ತೂತಿಗೆ ಎಷ್ಟು ಬೈದೇನಿ,
ಹೊಲಿಯೂ ಮುಂದ ಎಷ್ಟು ಸಲ ಬೆರಳು ಚುಚ್ಚಿಕೊಂಡೇನಿ.
ಒಂದೊಂದು ತೂತು ಅಂದ್ರ
ಅರಿವ್ಯಾಗಽ ಸತ್ತ ಒಂದು ಕಿಡಿ,
ಮೈಗೆ ಮುಟ್ಟಲಿಲ್ಲ, ಕಣ್ಣಿಗೆ ಹೋಗಲಿಲ್ಲ.
ಇಷ್ಟು ಸಲ ಈ ವರ್ಷ ಅವರು
ಎರಡೂ ಕಣ್ಣು ತಗೊಂಡು ಮನೀಗೆ ಬಂದಾರ,
ನಾನು "ಹಾಲು ತಂದ್ರೇನು?" ಅಂತ ಕೇಳೇನಿ.

ರೆಮಿ, ಮುಂದಿನ ಹಲ್ಲು ಬಿದ್ದಂವ, ಬಗ್ಗಿ ನೋಡಿದ.
"ಮೌಶೀ, ಅಳಾಕತ್ತೀರೇನು?"
"ಇದ್ದಲಿ ಹೊಗಿ" ಅಂದೆ.
ಐದು ಗುಂಡಿ ಬಿಚ್ಚಿಕೊಂಡೆ, ಡಬ್ಬಿಗೆ ಬೇಕು.
ಆಮ್ಯಾಲ ನೀರು ಚಿಮುಕಿಸಿ
ಕಾಲರ, ತೋಳು, ಬೆನ್ನು, ಸಾವಕಾಶ
ಇಸ್ತ್ರಿ ಮಾಡಿದೆ.
ಸುಡೂ ಅಂಗಿಗೆ ಇಸ್ತ್ರಿ ಯಾಕ ಅಂತ
ಹುಡುಗರು ಬಿದ್ದು ಬಿದ್ದು ನಕ್ಕರು.
ನನಗೇನು ಕೆಟ್ಟ ಮಾಡ್ಯಾನ ಈ ಮುದುಕ?
ಜೂನದಾಗ ಗಾಳಿ ಬಿಟ್ಟು ಗಾಡಾದ ತಗಡು ಹಾರಿಸಿದ, ಖರೆ.
ಅದರ ಹಿಂದ ಮಳ್ಯಾಗ ಓಡಿ, ತಲಿಮ್ಯಾಲ ಹೊತಗೊಂಡು ತಂದಾಂವ
ಎದುರಿನ ಬೇಕರಿ ಇನಾಸ.
ಅಲ್ಲೀತನಕಾ ನಾವಿಬ್ಬರೂ
ಹನ್ನೊಂದು ವರ್ಷ ಎದುರಾಬದುರು ಕುಂತು
ಮಾತಾಡಿದ್ದಿಲ್ಲ.
ಹೋಗಾಂವ ಚಂದಾಗಿ ಹೋಗಲಿ.

ಮೂವತ್ತೊಂದರ ರಾತ್ರಿ ಹನ್ನೆರಡಕ್ಕ ಬೆಂಕಿ ಹಚ್ಚಿದರು.
ಹುಲ್ಲು ಭಗ್ ಅಂತು, ಗೋಣಿಚೀಲ ಉರೀತು,
ಅಂಗಿ ಮಾತ್ರ ತಡಮಾಡಿ ಹತ್ತಿತು,
ಬೆಂಕಿ ರೂಢಿ ಇದ್ದ ಅರಿವಿ.
ಸೆಕೆಂಡ್ ಶಿಫ್ಟ್ ಮುಗಿಸಿ ನಮ್ಮವರು
ಸೈಕಲ್ ಇಳದು ನೋಡಿದರು.
"ಆ ಅಂಗಿ ನಂದಲ್ಲೇನು?"
"ನಿಮ್ಮದಽ."
ಬೈತಾರ ಅಂತ ಕಾದೆ.
ಕುಕ್ಕರಗಾಲಿಲೆ ಕುಂತು, ಎರಡೂ ಅಂಗೈ ಚಾಚಿ,
ದಿನಾ ಭಟ್ಟಿ ಮುಂದ ನಿಂದರೂ ಮನಷ್ಯಾ
"ಈ ಬೆಂಕಿಗೆ ಹಾಜರಿ ಇಲ್ಲ ನೋಡು" ಅಂದರು.

ಇನಾಸ ಬಿಸಿ ಪಾವು ಹಂಚಾಕತ್ತಿದ್ದ.
ಸೈಕಲ್ ಹ್ಯಾಂಡಲಿಗೆ ಹಾಲಿನ ಪಾಕೀಟು ತೂಗತಿತ್ತು.
ನಾ ಕೇಳಿರಲಿಲ್ಲ.
ನಾ ಅವರ ಕಣ್ಣು ನೋಡಾಕತ್ತಿದ್ದೆ,
ಎರಡೂ.
ಎರಡರಾಗೂ ಮುದುಕ
ಸಣ್ಣಾಗಿ ಉರೀತಿದ್ದ.